ಭಯಪಡುವವರ ಆಗಮನ ಕಾಲ

2020ನೇ ಇಸವಿಯ ನವೆಂಬರ್ 29, ಆಗಮನ ಕಾಲದ ಮೊದಲನೆಯ ಭಾನುವಾರ. ಕೊರೋನಾ ಕಾಲದ ನಿಯಮದಂತೆ ಬೆಂಚಿಗೆ ಇಬ್ಬರಂತೆ ದೂರದೂರ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸಿದ ಜನರು ಬೇಗಬೇಗನೆ ಮನೆಗೆ ತೆರಳಿದ್ದರು. ನಾನು ದೇವಾಲಯದ ಬಾಗಿಲು ಹಾಕಲು ಬೀಗದ ಕೈ ಹಿಡಿದು ಬಂದಾಗ ತಾಯಿಯೊಬ್ಬರು ಅಲ್ಲೇ ನಿಂತಿದ್ದರು. ಅವರ ಮಗಳು ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸ್.

"ಫಾದರ್, ರಾತ್ರಿ ಫೋನ್ ಬಂದರೆ ಸಾಕು, ಎದೆ ಹೊಡೆದುಕೊಳ್ಳುತ್ತೆ. ಜಪಸರ ಹೇಳ್ತೀನಿ, ಆದರೂ ಭಯ ಹೋಗಲ್ಲ. ನನಗೆ ವಿಶ್ವಾಸ ಇಲ್ಲ ಅಂತಲೇ ಅಲ್ವಾ ಇದರ ಅರ್ಥ? ಇದು ಪಾಪಾನಾ ಫಾದರ್?"

ನನಗೆ ಇನ್ನೊಂದು ಊರಿನಲ್ಲಿ ಪೂಜೆಯಿತ್ತು. "ವಿಶ್ವಾಸ ಇರುವ ಕಡೆ ಭಯ ಇರಲ್ಲಮ್ಮ. ಇನ್ನೂ ಹೆಚ್ಚು ಪ್ರಾರ್ಥನೆ ಮಾಡಿ" ಎಂದು ಹೇಳಿ ಬೀಗ ಹಾಕಿದೆ. ಅವರು ತಲೆಯಾಡಿಸಿ ಹೊರಟುಹೋದರು. ಮುಂದಿನ ಭಾನುವಾರ ಅವರು ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿ ಬಂದವನು ಹೇಳುವ ಮಾತೇ ಅದು? ಹೇಳಲು ಸುಲಭವಾದ ಮಾತು, ಆದರೆ ಸುಳ್ಳು ಮಾತು. ಪವಿತ್ರ ಬೈಬಲನ್ನು ತೆರೆದು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಗೆತ್ಸೆಮನಿ ತೋಪಿನಲ್ಲಿ ಪ್ರಭು ಯೇಸುವೇ ದಿಗಿಲುಗೊಂಡರು, ಮನಸ್ಸಿನಲ್ಲಿ ತಳಮಳಗೊಂಡರು ಎಂದು ಸಂತ ಮಾರ್ಕನು ಯಾವ ಸಂಕೋಚವೂ ಇಲ್ಲದೆ ಬರೆದಿದ್ದಾನೆ (ಮಾರ್ಕ 14:33). ಭಯವೇ ಅವಿಶ್ವಾಸವಾದರೆ, ಪಿತನ ಏಕೈಕ ಪುತ್ರನನ್ನು ನಾವು ಏನೆಂದು ಕರೆಯಬೇಕು?

ಆಗಮನ ಕಾಲವನ್ನು ನಾವು ಹಬ್ಬದ ಸಿದ್ಧತೆಯ ಕಾಲವೆಂದು ತಿಳಿದಿದ್ದೇವೆ. ಮನೆಗೆ ಸುಣ್ಣಬಣ್ಣ, ಮಕ್ಕಳಿಗೆ ಹೊಸ ಬಟ್ಟೆ, ಕಜ್ಜಾಯ, ಕರ್ಜಿಕಾಯಿ, ಬಾಗಿಲಿಗೆ ನಕ್ಷತ್ರ. ಇವೆಲ್ಲ ಬೇಕು, ಬೇಡವೆನ್ನುವವನು ನಾನಲ್ಲ. ಆದರೆ ಈ ಕಾಲದಲ್ಲಿ ಧರ್ಮಸಭೆಯು ನಮ್ಮ ಕಿವಿಗೆ ಓದಿ ಹೇಳುವ ವಾಚನಗಳು ಬೇರೆಯೇ ದಾಟಿಯಲ್ಲಿವೆ. ಸೂರ್ಯಚಂದ್ರರಲ್ಲಿ ಸೂಚನೆಗಳು, ಕಡಲಿನ ಮೊರೆತ, ಲೋಕಕ್ಕೆ ಏನು ಬರಲಿದೆಯೋ ಎಂದು ದಿಗಿಲಿನಿಂದ ಪ್ರಾಣ ಹೋದಂತಾಗುವ ಜನ (ಲೂಕ 21:25-26). ಇಂಥ ಹೊತ್ತಿನಲ್ಲೇ ತಲೆಯೆತ್ತಿ ನಿಲ್ಲಿ ಎನ್ನುತ್ತಾರೆ ಪ್ರಭು. ಭಯವೆಲ್ಲ ಕಳೆದ ಮೇಲೆ ತಲೆಯೆತ್ತಿ ಎಂದು ಅವರು ಹೇಳಲಿಲ್ಲ.

ಕ್ರಿಸ್ತ ಜಯಂತಿಯ ಕಾಲದಲ್ಲಿ ನಾವೆಲ್ಲ ಕೇಳುವ ಇಮ್ಮಾನುವೇಲನ ಪ್ರವಾದನೆ ಮೊದಲು ಯಾರಿಗೆ ಹೇಳಲ್ಪಟ್ಟಿತು ಗೊತ್ತೇ? ಭಯದಿಂದ ನಡುಗುತ್ತಿದ್ದ ಒಬ್ಬ ಅರಸನಿಗೆ. ಕ್ರಿಸ್ತಪೂರ್ವ 735ರ ಸುಮಾರು. ಜುದೇಯದ ಅರಸ ಆಹಾಜನ ಮೇಲೆ ಸಿರಿಯಾದ ಅರಸನೂ ಇಸ್ರಯೇಲಿನ ಅರಸನೂ ಒಟ್ಟಾಗಿ ದಂಡೆತ್ತಿ ಬರುತ್ತಿದ್ದಾರೆಂಬ ಸುದ್ದಿ ಬಂತು. ಗಾಳಿಗೆ ಸಿಕ್ಕ ಕಾಡಿನ ಮರಗಳಂತೆ ಅರಸನ ಎದೆಯೂ ಪ್ರಜೆಗಳ ಎದೆಯೂ ಅಲುಗಾಡಿದವು ಎನ್ನುತ್ತಾನೆ ಪ್ರವಾದಿ ಯೆಶಾಯ. ಅರಸನು ಊರ ಹೊರಗೆ ಮೇಲಣ ಕೆರೆಯ ಕಾಲುವೆಯ ಬಳಿಯಿದ್ದ. ಮುತ್ತಿಗೆಯಾದರೆ ನೀರಿಗೇನು ಗತಿ ಎಂದು ನೋಡಲು ಹೋಗಿದ್ದನೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅದೇನೂ ತಪ್ಪಲ್ಲ, ಜವಾಬ್ದಾರಿಯುಳ್ಳ ಯಾವ ಅರಸನೂ ಮಾಡಬೇಕಾದ ಕೆಲಸವೇ. ದೇವರು ಯೆಶಾಯನನ್ನು ಕಳುಹಿಸಿದ್ದೂ ಆ ಕಾಲುವೆಯ ಬಳಿಗೇ. ಅರಸನು ದೇವಾಲಯಕ್ಕೆ ಬರಲಿ, ಆಮೇಲೆ ಮಾತನಾಡೋಣ ಎಂದು ದೇವರು ಕಾಯಲಿಲ್ಲ.

ಹೆದರಬೇಡ, ಸಮಾಧಾನದಿಂದಿರು, ಆ ಇಬ್ಬರು ಅರಸರೂ ಹೊಗೆಯಾಡುವ ಕೊಳ್ಳಿಯ ತುಂಡುಗಳಷ್ಟೇ ಎಂದ ಪ್ರವಾದಿ. ಬೇಕಾದರೆ ಒಂದು ಗುರುತನ್ನು ಕೇಳು ಎಂದೂ ಹೇಳಿದ. ಆಗ ಆಹಾಜನು ಬಹಳ ಭಕ್ತಿವಂತನಂತೆ, ನಾನು ದೇವರನ್ನು ಪರೀಕ್ಷಿಸುವವನಲ್ಲ, ಗುರುತನ್ನು ಕೇಳುವುದಿಲ್ಲ ಎಂದುಬಿಟ್ಟ (ಯೆಶಾಯ 7:12). ಎಂಥ ವಿನಯ! ಆದರೆ ಅವನು ನಂಬಿದ್ದು ದೇವರನ್ನಲ್ಲ. ದೇವಾಲಯದ ಬೆಳ್ಳಿಬಂಗಾರವನ್ನು ತೆಗೆದು ಅಸ್ಸೀರಿಯಾದ ಚಕ್ರವರ್ತಿಗೆ ಕಾಣಿಕೆ ಕಳಿಸಿದ, ನಾನು ನಿನ್ನ ದಾಸ ಎಂದು ಹೇಳಿಕಳುಹಿಸಿದ. ತನ್ನ ಮಗನನ್ನೇ ಬೆಂಕಿಗೆ ಒಪ್ಪಿಸಿದನೆಂದೂ ಬರೆದಿದೆ (2 ಅರಸುಗಳು 16:3, 7-8). ಆಹಾಜನ ಪಾಪ ಅವನ ಭಯವಲ್ಲ. ಭಯವನ್ನು ಅವನು ಕೊಂಡೊಯ್ದ ಜಾಗ ತಪ್ಪು. ದೇವರಿಗೆ ಭಕ್ತಿಯ ಮಾತು, ಅಸ್ಸೀರಿಯಾಕ್ಕೆ ತನ್ನ ಭಯ ಮತ್ತು ದೇವಾಲಯದ ಬಂಗಾರ!

ನಾವೂ ಇದನ್ನು ಮಾಡುವುದಿಲ್ಲವೇ? ಪ್ರಾರ್ಥನೆಯಲ್ಲಿ ನಾವು ದೇವರ ಮುಂದೆ ಒಳ್ಳೊಳ್ಳೆಯ ಮಾತನಾಡುತ್ತೇವೆ. ಎದೆಯ ನಿಜವಾದ ದಿಗಿಲನ್ನು ಮಾತ್ರ ಬೇರೆ ಕಡೆ ಹೊತ್ತೊಯ್ಯುತ್ತೇವೆ: ಕೆಲವರು ಹೆಂಡದಂಗಡಿಗೆ, ಕೆಲವರು ಕಣಿ ಹೇಳುವವರ ಬಳಿಗೆ, ಕೆಲವರು ನೆರೆಯವನ ಮೇಲಿನ ದ್ವೇಷಕ್ಕೆ. ಮಧ್ಯರಾತ್ರಿಯವರೆಗೆ ಮೊಬೈಲಿನಲ್ಲಿ ಯಾರೋ ಕಳಿಸಿದ ಭಯಾನಕ ಸುದ್ದಿಗಳನ್ನು ಓದಿ, ನಿಜವೋ ಸುಳ್ಳೋ ನೋಡದೆ ಹತ್ತು ಜನಕ್ಕೆ ಕಳಿಸಿ ಮಲಗುವವರೂ ನಮ್ಮಲ್ಲಿದ್ದಾರೆ. ಮರುದಿನ ಆ ಹತ್ತು ಮನೆಗಳಲ್ಲೂ ನಿದ್ದೆಯಿಲ್ಲ.

ಈಗ ಆಹಾಜನ ವಂಶದವರೇ ಆದ ಸಂತ ಜೋಸೆಫರನ್ನು ನೋಡಿ. ಅವರಿಗೂ ಭಯವಿತ್ತು. ಮರಿಯಮ್ಮನವರನ್ನು ಮನೆಗೆ ಕರೆತರಲು ಹೆದರಬೇಡ ಎಂದು ದೇವದೂತನು ಹೇಳಬೇಕಾಯಿತು. ಅಲ್ಲಿಗೆ ಅವರ ಭಯ ಮುಗಿಯಿತೇ? ಇಲ್ಲ. ಈಜಿಪ್ಟಿನಿಂದ ಹಿಂದಿರುಗುವಾಗ ಹೆರೋದನ ಬದಲು ಅವನ ಮಗ ಅರ್ಖೆಲಾಯನು ಆಳುತ್ತಿದ್ದಾನೆಂದು ಕೇಳಿ ಜುದೇಯಕ್ಕೆ ಹೋಗಲು ಅವರು ಹೆದರಿದರು (ಮತ್ತಾಯ 2:22). ದೇವರು ಅವರನ್ನು ಗದರಿಸಲಿಲ್ಲ. ಕನಸಿನಲ್ಲಿ ಎಚ್ಚರಿಕೆ ಕೊಟ್ಟು ಗಲಿಲೇಯದ ದಾರಿ ತೋರಿಸಿದರು. ಪ್ರಭು ನಜರೇತಿನವರು ಎನಿಸಿಕೊಂಡದ್ದರ ಹಿಂದೆ ಒಬ್ಬ ತಂದೆಯ ಭಯವೂ ಇದೆ! ಪ್ರತಿ ವರ್ಷ ಗೋದಲಿಯಲ್ಲಿ ಜೋಸೆಫರ ಪ್ರತಿಮೆಯನ್ನು ಇಡುವಾಗ ನನಗೆ ಈ ವಾಕ್ಯ ನೆನಪಾಗುತ್ತದೆ.

ಭಯದ ಬೇರು ಪ್ರೀತಿ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸುತ್ತಾರೆ. ನಾವು ಪ್ರೀತಿಸುವುದನ್ನು ಕಳೆದುಕೊಂಡೇವೆಂದೇ ಹೆದರುತ್ತೇವೆ. ಏನನ್ನೂ ಪ್ರೀತಿಸದವನಿಗೆ ಹೆದರಲು ಕಾರಣವೇ ಇಲ್ಲ. ಭರವಸೆಯ ಬಗ್ಗೆಯೂ ಅವರು ಹೇಳುವುದು ಗಮನಾರ್ಹ. ಭರವಸೆಯ ಗುರಿ ಒಳ್ಳೆಯದಾಗಿರಬೇಕು, ಮುಂದೆ ಬರಬೇಕಾದದ್ದಾಗಿರಬೇಕು, ಸಾಧ್ಯವಾದದ್ದಾಗಿರಬೇಕು, ಜೊತೆಗೆ ಕಷ್ಟಸಾಧ್ಯವೂ ಆಗಿರಬೇಕು. ಸುಲಭವಾಗಿ ಕೈಗೆ ಸಿಗುವುದಕ್ಕೆ ಭರವಸೆ ಬೇಕಿಲ್ಲ. ಆದ್ದರಿಂದ "ಎಲ್ಲಾ ಸರಿಹೋಗುತ್ತೆ ಬಿಡಿ" ಎನ್ನುವುದು ಕ್ರೈಸ್ತ ಭರವಸೆಯಲ್ಲ. ಅದು ಎಷ್ಟೋ ಸಲ ಎದುರಿಗಿರುವವರ ಬಾಯಿ ಮುಚ್ಚಿಸಲು ನಾವು ಆಡುವ ಮಾತು. ನಮ್ಮ ಕನ್ನಡದಲ್ಲಿ "ನಿರೀಕ್ಷೆ" ಎಂಬ ಒಂದೇ ಪದವು ಕಾಯುವುದಕ್ಕೂ ಭರವಸೆಯಿಡುವುದಕ್ಕೂ ಸಲ್ಲುತ್ತದೆ. ಆಗಮನ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಪದ ಬೇಕೇ?

ಎಲ್ಲವೂ ಸರಿಹೋಗದಿದ್ದರೂ ಭರವಸೆ ಉಳಿಯುತ್ತದೆಯೇ? ಉಳಿದ ಒಬ್ಬರ ಬಗ್ಗೆ ಹೇಳುತ್ತೇನೆ. ಜರ್ಮನಿಯ ಯೇಸುಸಭೆಯ ಗುರು ಆಲ್‌ಫ್ರೆಡ್ ಡೆಲ್ಪ್. 1907ರಲ್ಲಿ ಮಾನ್‌ಹೈಮ್ ನಗರದಲ್ಲಿ ಹುಟ್ಟಿ, 1937ರಲ್ಲಿ ಗುರುದೀಕ್ಷೆ ಪಡೆದು, ಮ್ಯೂನಿಕ್ಕಿನ ಸಂತ ಜಾರ್ಜರ ದೇವಾಲಯದಲ್ಲಿ ಸೇವೆ ಸಲ್ಲಿಸುತ್ತಿದ್ದರು. ಹಿಟ್ಲರನ ಆಳ್ವಿಕೆ ಮುಗಿದ ಮೇಲೆ ದೇಶವನ್ನು ಕ್ರೈಸ್ತ ನ್ಯಾಯದ ತಳಹದಿಯ ಮೇಲೆ ಕಟ್ಟುವುದು ಹೇಗೆಂದು ಗುಟ್ಟಾಗಿ ಚರ್ಚಿಸುತ್ತಿದ್ದ ಗುಂಪಿನಲ್ಲಿದ್ದ ಕಾರಣಕ್ಕೆ 1944ರ ಜುಲೈ 28ರಂದು ಅವರ ಬಂಧನವಾಯಿತು. ಆ ವರ್ಷದ ಆಗಮನ ಕಾಲವನ್ನು ಅವರು ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿ ಕಳೆದರು. ಕೈಗಳಿಗೆ ಕೋಳ, ನಗರದ ಮೇಲೆ ಬಾಂಬಿನ ದಾಳಿ, ಮುಂದೆ ಮರಣದಂಡನೆಯ ವಿಚಾರಣೆ. ಆ ಕೋಳ ತೊಟ್ಟ ಕೈಗಳಿಂದಲೇ ಅವರು ಆಗಮನ ಕಾಲದ ಭಾನುವಾರಗಳ ಮೇಲೆ ಧ್ಯಾನಗಳನ್ನು ಬರೆದರು. ಒಗೆಯುವ ಬಟ್ಟೆಗಳ ಜೊತೆ ಆ ಕಾಗದಗಳನ್ನು ಧೈರ್ಯಸ್ಥ ಹೆಂಗಸರಿಬ್ಬರು ಹೊರಕ್ಕೆ ಸಾಗಿಸಿದರು. ಮನುಷ್ಯನು ಅಲುಗಾಡಿ ಎಚ್ಚರಗೊಳ್ಳುವ ಕಾಲವೇ ಆಗಮನ ಕಾಲ ಎಂಬುದು ಆ ಬರಹಗಳ ಮುಖ್ಯ ಚಿಂತನೆ.

ಡೆಲ್ಪರು ಕಲ್ಲಿನಂಥ ಮನುಷ್ಯರೇನೂ ಆಗಿರಲಿಲ್ಲ. ಬಿಡುಗಡೆಯಾಗಬಹುದೆಂಬ ಆಸೆ, ಆಗದೆಂಬ ದಿಗಿಲು ಎರಡೂ ಅವರ ಪತ್ರಗಳಲ್ಲಿವೆ. ಯೇಸುಸಭೆಯನ್ನು ಬಿಟ್ಟರೆ ಬಿಡುಗಡೆ ಎಂಬ ಆಮಿಷ ಬಂದಾಗ ಅವರು ಒಪ್ಪಲಿಲ್ಲ. ಡಿಸೆಂಬರ್ 8, ಮಾತೆ ಮರಿಯಮ್ಮನವರ ಅಮಲೋದ್ಭವ ಹಬ್ಬದ ದಿನ, ಸಹೋದರ ಗುರುವೊಬ್ಬರು ಸೆರೆಮನೆಗೆ ಭೇಟಿಗೆ ಬಂದಾಗ ಅವರ ಮುಂದೆ ತಮ್ಮ ಅಂತಿಮ ವ್ರತವನ್ನು ಕೈಗೊಂಡರು. 1945ರ ಜನವರಿ 11ರಂದು ಮರಣದಂಡನೆಯ ತೀರ್ಪಾಯಿತು. ಫೆಬ್ರವರಿ 2, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದಂದು, ಅವರನ್ನು ಗಲ್ಲಿಗೇರಿಸಿದರು. ವಯಸ್ಸು 37. ಮುದುಕ ಸಿಮೆಯೋನನು ಮಗುವನ್ನು ಎತ್ತಿಕೊಂಡು, ಇನ್ನು ನನ್ನನ್ನು ಸಮಾಧಾನದಿಂದ ಕಳುಹಿಸಿಕೊಡು ಎಂದು ಬೇಡಿದ ದಿನವದು. ಧರ್ಮಸಭೆಯು ಪ್ರತಿ ರಾತ್ರಿ ಮಲಗುವ ಮುನ್ನ ಮಾಡುವ ಪ್ರಾರ್ಥನೆಯಲ್ಲಿ ಸಿಮೆಯೋನನ ಈ ಬಿನ್ನಹವನ್ನೇ ಇಟ್ಟಿದೆ. ಮಲಗುವ ಮುನ್ನ ಮೊಬೈಲ್ ನೋಡುವವರು ಅದರ ಬದಲು ಲೂಕನ ಎರಡನೆಯ ಅಧ್ಯಾಯದ ಆ ನಾಲ್ಕು ಸಾಲುಗಳನ್ನು ಓದಿ ಮಲಗಬಹುದು.

ಬಲಿಪೂಜೆಯಲ್ಲಿಯೂ ಇಂಥದೊಂದು ಬಿನ್ನಹವಿದೆ. ನಾವು ಪ್ರತಿ ವಾರ ಕೇಳಿಯೂ ಕೇಳದಂತಿರುತ್ತೇವೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬ ಜಪ ಮುಗಿದ ಕೂಡಲೇ ಗುರುವು ಒಬ್ಬನೇ ಮುಂದುವರಿಸಿ, ನಮ್ಮ ದಿನಗಳಲ್ಲಿ ಶಾಂತಿಯನ್ನು ಕೊಡು, ಪಾಪದಿಂದಲೂ ಕಳವಳದಿಂದಲೂ ನಮ್ಮನ್ನು ಕಾಪಾಡು ಎಂದು ಬೇಡುತ್ತಾನೆ. ಉದ್ಧಾರಕನ ಆಗಮನವನ್ನು ಎದುರು ನೋಡುತ್ತಿರುವವರು ನಾವು ಎಂದು ಆ ಪ್ರಾರ್ಥನೆ ಮುಗಿಯುತ್ತದೆ. ಅಂದರೆ ನಮಗೆ ಕಳವಳವಿದೆಯೆಂದು ಧರ್ಮಸಭೆಗೆ ಗೊತ್ತು. ಆಮೇಲೆಯೇ ಒಬ್ಬರಿಗೊಬ್ಬರು ಶಾಂತಿಯನ್ನು ಹಂಚಿಕೊಳ್ಳುತ್ತೇವೆ. ಪುನರುತ್ಥಾನದ ದಿನ ಸಂಜೆ ಶಿಷ್ಯರು ಭಯದಿಂದ ಬಾಗಿಲು ಭದ್ರಪಡಿಸಿಕೊಂಡು ಕುಳಿತಿದ್ದಾಗ ಪ್ರಭು ಒಳಗೆ ಬಂದು ಅವರಿಗೆ ಶಾಂತಿ ಕೋರಿದರು (ಯೊವಾನ್ನ 20:19). ಅವರು ಬಾಗಿಲು ತೆರೆಯಲಿ ಎಂದು ಹೊರಗೆ ಕಾಯುತ್ತಾ ನಿಲ್ಲಲಿಲ್ಲ.

ಗಾಜಾ ನಗರದಲ್ಲಿ ಪವಿತ್ರ ಕುಟುಂಬದ ದೇವಾಲಯವೆಂಬ ಸಣ್ಣ ಧರ್ಮಕೇಂದ್ರವಿದೆ. 2023ರ ಅಕ್ಟೋಬರಿನಲ್ಲಿ ಯುದ್ಧ ಆರಂಭವಾದಾಗ ನೂರಾರು ಜನರು ಅದರ ಆವರಣದಲ್ಲಿ ಆಶ್ರಯ ಪಡೆದರು. ಆ ವರ್ಷದ ಆಗಮನ ಕಾಲದಲ್ಲಿ, ಡಿಸೆಂಬರ್ 16ರಂದು, ತಾಯಿ ಮಗಳಿಬ್ಬರು ಆವರಣದೊಳಗೇ ಗುಂಡೇಟಿಗೆ ಬಲಿಯಾದರು. 2025ರ ಜುಲೈ 17ರಂದು ದೇವಾಲಯಕ್ಕೇ ದಾಳಿ ತಾಗಿ ಮೂವರು ಸತ್ತರು. ಪೋಪ್ ಫ್ರಾನ್ಸಿಸ್‌ರವರು ಯುದ್ಧದ ಮೊದಲ ದಿನಗಳಿಂದ ತಮ್ಮ ಕೊನೆಯ ದಿನಗಳವರೆಗೂ ಹೆಚ್ಚುಕಡಿಮೆ ಪ್ರತಿ ಸಂಜೆ ಆ ಧರ್ಮಕೇಂದ್ರಕ್ಕೆ ಫೋನ್ ಮಾಡುತ್ತಿದ್ದರು. ಹೇಗಿದ್ದೀರಿ, ಇವತ್ತು ಊಟಕ್ಕೆ ಏನಿತ್ತು ಎಂದು ವಿಚಾರಿಸುತ್ತಿದ್ದರು. ಅವರ ಫೋನಿನಿಂದ ಒಂದು ಬಾಂಬೂ ನಿಲ್ಲಲಿಲ್ಲ. ಆದರೂ ಅಲ್ಲಿನ ಜನ ಪ್ರತಿ ಸಂಜೆ ಅದಕ್ಕಾಗಿ ಕಾಯುತ್ತಿದ್ದರು.

ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಆಗಮನ ಕಾಲದ ಮೂರನೆಯ ವಾರ ನಾನೇ ಅವರ ಮನೆಗೆ ಹೋದೆ. ಮುಖಗವಸು ಹಾಕಿಕೊಂಡು ಜಗಲಿಯಲ್ಲೇ ಕುಳಿತೆ. "ಅಮ್ಮ, ಅವತ್ತು ನಾನು ಹೇಳಿದ್ದು ತಪ್ಪು. ನಿಮ್ಮ ಭಯ ಪಾಪವಲ್ಲ. ಕ್ಷಮಿಸಿ" ಎಂದೆ. ಗುರುಗಳು ಕ್ಷಮೆ ಕೇಳುವುದನ್ನು ಕೇಳಿ ಅವರಿಗೇ ಮುಜುಗರವಾಯಿತು. ಈಜಿಪ್ಟಿನಿಂದ ಹಿಂದಿರುಗಿದ ಜೋಸೆಫರ ಕಥೆ ಹೇಳಿದೆ. "ಸಂತ ಜೋಸೆಫರಿಗೂನಾ ಫಾದರ್?" ಎಂದು ಅವರು ಎರಡು ಸಲ ಕೇಳಿದರು. ಆಮೇಲೆ ಒಳಗೆ ಕರೆದು ಗೋದಲಿ ತೋರಿಸಿದರು. ಹುಲ್ಲಿನ ಮೇಲೆ ಬಾಲಯೇಸುವಿನ ಜಾಗ ಇನ್ನೂ ಖಾಲಿಯಿತ್ತು. ಅದರ ಪಕ್ಕದಲ್ಲಿ ಅವರ ಫೋನ್ ಇತ್ತು.

"ರಾತ್ರಿ ಹೊತ್ತು ದಿಂಬಿನ ಹತ್ತಿರ ಇಟ್ಟುಕೊಂಡರೆ ನಿದ್ದೆ ಬರಲ್ಲ. ಅದಕ್ಕೇ ಇಲ್ಲಿಡ್ತೀನಿ. ಬಂದರೆ ಇಲ್ಲಿಗೇ ಬಂದು ತೆಗೀತೀನಿ" ಎಂದರು.

ನಾನು ಕಾಫಿ ಕುಡಿಯುತ್ತಿರುವಾಗಲೇ ಅದು ಸದ್ದು ಮಾಡಿತು. ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಎತ್ತಿಕೊಂಡರು. ಕುವೈತಿನಿಂದ ಮಗಳೇ. ಕೆಲಸ ಮುಗಿಸಿ ಕೋಣೆಗೆ ಬಂದಿದ್ದಳು. ತಾಯಿ ಮೊದಲು ಕೇಳಿದ್ದು, "ಏನ್ ಊಟ ಮಾಡ್ದೆ ಮಗಾ?"