ಸುಟ್ಟ ಕಡತಗಳು ಮತ್ತು ಅಹಿಂಸಾಣುವ್ರತ

1968ರ ಮೇ 17ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕೇಟನ್ಸ್‌ವಿಲ್ ಎಂಬಲ್ಲಿ ಒಂಬತ್ತು ಮಂದಿ ಕ್ಯಾಥೊಲಿಕರು ಸೈನ್ಯಭರ್ತಿಯ ಕಚೇರಿಯನ್ನು ಹೊಕ್ಕರು. ವಿಯೆಟ್ನಾಂ ಯುದ್ಧಕ್ಕೆ ತರುಣರನ್ನು ಕಡ್ಡಾಯವಾಗಿ ಕರೆಸುವ 378 ಕಡತಗಳನ್ನು ಹೊರಗೆ ತಂದು ಸುಟ್ಟರು. ಅವರಲ್ಲಿ ಡೇನಿಯಲ್ ಬೆರಿಗನ್ ಮತ್ತು ಫಿಲಿಪ್ ಬೆರಿಗನ್ ಎಂಬ ಸಹೋದರರಿಬ್ಬರು ಪಾದ್ರಿಗಳು. ಸುಡಲು ಬಳಸಿದ್ದು ತಾವೇ ಸಿದ್ಧಪಡಿಸಿದ ನಪಾಮ್; ವಿಯೆಟ್ನಾಮಿನಲ್ಲಿ ಮಕ್ಕಳ ಮೈಯನ್ನು ಬೇಯಿಸುತ್ತಿದ್ದ ದ್ರವ್ಯದ ಜಾತಿಯದೇ. ಸುಟ್ಟ ಬಳಿಕ ಅವರು ಓಡಲಿಲ್ಲ. ಪ್ರಾರ್ಥಿಸುತ್ತ ಪೊಲೀಸರಿಗಾಗಿ ಕಾದು ನಿಂತರು.

ಇದು ಅಹಿಂಸೆಯೇ? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಾಣಹರಣಕ್ಕೆ ಪ್ರಮಾದವನ್ನು ಜೋಡಿಸಿದೆ. ಕಾಗದಕ್ಕೆ ಪ್ರಾಣವಿಲ್ಲ. ಅಗ್ನಿಕಾಯದ ಜೀವಗಳಿಗೆ ಘಾತವಾಯಿತೆಂಬುದು ನಿಜ; ಆದರೆ ನಿತ್ಯವೂ ಒಲೆ ಹೊತ್ತಿಸುವ ಗೃಹಸ್ಥನು ಆ ಮಾತನ್ನು ಮೊದಲು ಎತ್ತುವುದು ಶೋಭಿಸದು. ಕಚೇರಿಯ ಗುಮಾಸ್ತೆಯರ ಸಂಗತಿ ಹಾಗಲ್ಲ. ತಡೆಯಲು ಬಂದ ಅವರನ್ನು ಹಿಡಿದು ನಿಲ್ಲಿಸಲಾಯಿತು, ಅವರು ಬೆದರಿದರು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧವೇ ಮೊದಲನೆಯದು. ಉದ್ದೇಶವು ಎಷ್ಟು ಉಚ್ಚವಾಗಿದ್ದರೂ ಆ ಗಳಿಗೆಯ ಭಯ ಅವರ ಲೆಕ್ಕಕ್ಕೆ ಸೇರಿಯೇ ಸೇರುತ್ತದೆ.

ವಿರುದ್ಧರಾಜ್ಯಾತಿಕ್ರಮವೂ ಇಲ್ಲಿ ನೆನಪಾಗುವುದು ಸಹಜ. ರಾಜ್ಯದ ನಿಯಮವನ್ನು ಮೀರುವುದನ್ನು ಅಚೌರ್ಯಾಣುವ್ರತದ ಅತಿಚಾರವೆಂದು ಎಣಿಸಿದ್ದಾರೆ. ಆದರೆ ಅದು ನಿಂತಿರುವ ಸ್ಥಾನವನ್ನು ಗಮನಿಸಬೇಕು: ಕಳವಿನ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಮೋಸ, ಕಲಬೆರಕೆ ಇವುಗಳ ಸಾಲಿನಲ್ಲಿ. ಅಲ್ಲಿ ನಿಷಿದ್ಧವಾದದ್ದು ಲೋಭ. ಈ ಪಾದ್ರಿಗಳಿಗೆ ದೊರೆತದ್ದು ಸೆರೆಮನೆ. ಡೇನಿಯಲ್‌ರಿಗೆ ಮೂರು ವರ್ಷ, ಫಿಲಿಪ್‌ರಿಗೆ ಮೂರೂವರೆ ವರ್ಷದ ಶಿಕ್ಷೆ.

ಅವರ ಪಕ್ಷದ ಬಲವಿರುವುದು ಬೇರೆ ಕಡೆ. ಹಿಂಸೆಯು ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆ. ಯುದ್ಧ ಮಾಡುವ ರಾಷ್ಟ್ರದ ಪ್ರಜೆಯು ಬಂದೂಕು ಹಿಡಿಯದಿರಬಹುದು; ತೆರಿಗೆ ಕಟ್ಟಿ, ಮೌನವಾಗಿದ್ದು, ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದರೆ ಮೂರನೆಯದರಿಂದ ಪಾರಾದನೇ? ಜೈನಪರಿಭಾಷೆಯನ್ನು ಅರಿಯದ ಆ ಪಾದ್ರಿಗಳನ್ನು ಕಾಡಿದ್ದು ಬಹುಮಟ್ಟಿಗೆ ಇದೇ ಪ್ರಶ್ನೆ. 1980ರ ಸೆಪ್ಟೆಂಬರಿನಲ್ಲಿ ಈ ಸಹೋದರರು ಆರು ಮಂದಿ ಸಂಗಡಿಗರೊಡನೆ ಪೆನ್ಸಿಲ್ವೇನಿಯದ ಕಾರ್ಖಾನೆಯೊಂದರಲ್ಲಿ ಅಣ್ವಸ್ತ್ರದ ಮೂತಿಗಳನ್ನು ಸುತ್ತಿಗೆಯಿಂದ ಜಜ್ಜಿದಾಗಲೂ ಅದೇ ಪ್ರಶ್ನೆಯಿತ್ತು.

ಡೇನಿಯಲ್‌ರ ಒಂದು ನಡೆ ಮಾತ್ರ ಸುಲಭವಾಗಿ ಒಪ್ಪುವಂತಹುದಲ್ಲ. 1970ರ ಏಪ್ರಿಲಿನಲ್ಲಿ ಸೆರೆಗೆ ಹೋಗಬೇಕಾದಾಗ ಅವರು ತಲೆಮರೆಸಿಕೊಂಡರು. ಅದು ಮಾಯಾಕಷಾಯವೆಂದು ಒಮ್ಮೆಗೇ ಹೇಳಲಾಗದು, ಏಕೆಂದರೆ ಅಡಗಿದ್ದಾಗಲೂ ಅವರು ಯುದ್ಧದ ವಿರುದ್ಧ ಮಾತನಾಡುತ್ತಲೇ ಇದ್ದರು. ಆದರೂ ಕಡತಗಳ ಬೂದಿಯ ಬಳಿ ಕೈಕಟ್ಟಿ ಕಾದ ದಿನದ ಸರಳತೆ ಆ ತಿಂಗಳುಗಳಲ್ಲಿ ಕಾಣದು. ಆಗಸ್ಟ್ 11ರಂದು ಬ್ಲಾಕ್ ದ್ವೀಪದಲ್ಲಿ ಅವರನ್ನು ಬಂಧಿಸಲಾಯಿತು.