ಹಾಲಿನ ಹದ

ಮಾಳಮಡ್ಡಿಯ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಮೊದಲು ಕಟ್ಟಿಗೆ, ಕುಳ್ಳು ಇರುತ್ತಿದ್ದವು. ಈಗ ಅಲ್ಲಿ ಮಗನ ಕಂಪ್ರೆಸರ್ ಗುರುಗುಡುತ್ತದೆ. ರಜೆಗೆ ಬಂದಾಗಲೆಲ್ಲ ಅವನು ಅಲ್ಲಿ ಕುಳಿತು ರೈಲು ಎಂಜಿನ್ನುಗಳ ಪುಟ್ಟ ಮಾದರಿಗಳನ್ನು ಮಾಡುತ್ತಾನೆ. ಈ ಸಲದ್ದು ಮೀಟರ್‌ಗೇಜ್ ಹಳಿಯ ವೈಪಿ ಉಗಿ ಎಂಜಿನ್. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವವರೆಗೂ ನಮ್ಮ ಧಾರವಾಡ ಸ್ಟೇಷನ್ನಿನಲ್ಲಿದ್ದದ್ದು ಮೀಟರ್‌ಗೇಜ್ ಹಳಿಯೇ. ಒಣಹಾಕಿದ ಸೀರೆಯ ಮೇಲೆ ಮಸಿ ಬಿತ್ತೆಂದು ಅವ್ವ ಗೊಣಗುತ್ತಿದ್ದದ್ದು ನನಗಿನ್ನೂ ನೆನಪಿದೆ.

ಮೊನ್ನೆ ಚಹ ಕೊಡಲು ಹೋದಾಗ ಅವನು ಒಂದು ಪುಟ್ಟ ಬಟ್ಟಲಲ್ಲಿ ಕಪ್ಪು ಅಕ್ರಿಲಿಕ್ ಬಣ್ಣ ಕಲಸುತ್ತಿದ್ದ. ಬಟ್ಟಲನ್ನು ವಾರೆ ಮಾಡಿ, ಅಂಚಿನಿಂದ ಬಣ್ಣ ಇಳಿಯುವುದನ್ನೇ ನೋಡುತ್ತ, “ಹಾಲಿನ ಹದಕ್ಕ ಬರಬೇಕವ್ವಾ, ಅದೂ ಕೆನೀ ತೆಗೆದ ಹಾಲು” ಎಂದ.

ನನಗೆ ನಗು ಬಂತು. ಹಾಲಿಗೆ ನೀರು ಬೆರೆಸಿದರೆ ಮೋಸ, ಬಣ್ಣವನ್ನು ಹಾಲಿನಂತೆ ತೆಳುಮಾಡಿದರೆ ಕುಶಲತೆ!

ಅವನು ತಿಳಿಸಿ ಹೇಳಿದ. ಏರ್‌ಬ್ರಷ್ಷಿನ ಮೂತಿಯ ತೂತು 0.3 ಮಿಲಿಮೀಟರ್. ಬಣ್ಣ ದಪ್ಪವಾದರೆ ಅಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ. ಇನ್ನೊಂದು ಮಾತು: ಮಾದರಿ ಮೂಲದ 87ರಲ್ಲಿ ಒಂದು ಪಾಲು. ಅದರ ಮೇಲೆ ಕಾಲು ಮಿಲಿಮೀಟರ್ ಬಣ್ಣ ಕೂತರೆ, ನಿಜವಾದ ಎಂಜಿನ್ನಿಗೆ ಎರಡು ಸೆಂಟಿಮೀಟರಿಗೂ ಹೆಚ್ಚು ದಪ್ಪ ಬಳಿದಂತೆ. ರಿವೆಟ್ಟುಗಳೆಲ್ಲ ಮುಚ್ಚಿಹೋಗುತ್ತವೆ. ಹಾಗೆಂದು ಬರೀ ನೀರು ಸುರಿಯುವಂತಿಲ್ಲ. ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟಿನ ಕಣಗಳು ನೀರಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಅವು ಒತ್ತೊತ್ತಾಗಿ ಬಂದು ಒಂದು ಪೊರೆಯಾಗುತ್ತವೆ. ನೀರು ಅತಿಯಾದರೆ ಕಣಗಳು ದೂರ ದೂರವಾಗಿ ಪೊರೆ ಬಲಹೀನವಾಗುತ್ತದೆ. ಒಣಗಿದ ಮೇಲೂ ಉಗುರು ತಾಗಿದರೆ ಎದ್ದುಬರುತ್ತದೆ. ಅದಕ್ಕೆಂದೇ ಆಯಾ ಬಣ್ಣಕ್ಕೆ ಹೊಂದುವ ಥಿನ್ನರ್ ಬೇಕು. ಮೊದಲ ಪದರಿನಲ್ಲಿ ತಳ ಕಾಣುತ್ತಲೇ ಇರುತ್ತದೆ. ಅವಸರ ಮಾಡದೆ, ಆರಲು ಬಿಟ್ಟು, ಮೂರೋ ನಾಲ್ಕೋ ಪದರು ಕೊಡಬೇಕು.

ಅಡುಗೆಮನೆಗೆ ಬಂದರೂ ಆ ಮಾತು ನನ್ನನ್ನು ಬಿಡಲಿಲ್ಲ.

1998ರಲ್ಲಿ ನಾನು ಹತ್ತನೆಯ ಇಯತ್ತೆಗೆ ಗಣಿತ ಕಲಿಸುತ್ತಿದ್ದೆ. ದೀಪಾವಳಿ ರಜೆಯ ಮುಂಚೆ ಒಬ್ಬ ಹುಡುಗಿಯ ಅಪ್ಪ ಬಂದು, “ಪಾಸಾಗತಾಳೇನ್ರೀ ನಮ್ಮ ಹುಡುಗಿ?” ಎಂದು ಕೇಳಿದರು. ಸತ್ಯ ಹೇಳುವುದೇ ಧರ್ಮವೆಂದು ನಂಬಿದ್ದ ನಾನು, “ಇಲ್ಲರೀ, ಆಕೀ ಕಡೆ ಆಗೂದಿಲ್ಲ” ಎಂದುಬಿಟ್ಟೆ. ರಜೆ ಮುಗಿದ ಮೇಲೆ ಆಕೆ ಶಾಲೆಗೆ ಬರಲಿಲ್ಲ. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಅಷ್ಟು ದಪ್ಪನೆಯ ಸತ್ಯದ ಕೆಳಗೆ, ಆಕೆ ಕನ್ನಡ ಪದ್ಯ ಓದಿದರೆ ತರಗತಿಯೇ ಸುಮ್ಮನಾಗುತ್ತಿತ್ತು ಎಂಬ ಇನ್ನೊಂದು ಸತ್ಯ ಮುಚ್ಚಿಹೋಗಿತ್ತು.

ಅದಾದ ಮೇಲೆ ನಾನು ಹೆದರಿದೆ. ಯಾರು ಕೇಳಿದರೂ “ಛಲೋ ಅದಾನ, ಸುಧಾರಸತಾನ” ಎನ್ನತೊಡಗಿದೆ. ಫೇಲಾದ ಹುಡುಗನೊಬ್ಬನ ತಾಯಿ ಬಂದು, “ಮೊದಲ ಯಾಕ ಹೇಳಲಿಲ್ರಿ?” ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅದು ಅಂಟೇ ಇಲ್ಲದ ಬರೀ ನೀರಿನ ಮಾತಾಗಿತ್ತು.

ಹಾಗಾದರೆ ಸತ್ಯವನ್ನು ತೆಳುಮಾಡಿ ಹೇಳಬಹುದೆ? ಹಾಲಿನವನ ಕೆಲಸವೂ ಅದೇ ಅಲ್ಲವೆ? ಅಲ್ಲವೆಂದು ಈಗ ಅನಿಸುತ್ತದೆ. ಹಾಲಿಗೆ ಹಾಕಿದ ನೀರು ಹಾಲಿನಲ್ಲೇ ಉಳಿದು ಹಾಕಿದವನಿಗೆ ದುಡ್ಡಾಗುತ್ತದೆ. ಬಣ್ಣದ ನೀರು ಆರಿಹೋಗುತ್ತದೆ, ಬಣ್ಣ ಉಳಿಯುತ್ತದೆ. ಒಂದು ಪದರಿನಲ್ಲಿ ಕಡಿಮೆಯಾದದ್ದನ್ನು ಮುಂದಿನ ಪದರು ತುಂಬುತ್ತದೆ. ಆದರೆ ಅದಕ್ಕೆ, ಬಳಿಯುವವರು ಮುಂದಿನ ಪದರಿನ ತನಕ ಅಲ್ಲೇ ಕೂತಿರಬೇಕು. ನಾನು ಕೂಡಲಿಲ್ಲ. ಸತ್ಯವನ್ನು ಒಂದೇ ಸಲ ಸುರಿದದ್ದೂ, ಆಮೇಲೆ ನೀರು ಬೆರೆಸಿದ್ದೂ ನನ್ನ ಅನುಕೂಲಕ್ಕೇ. ಎರಡೂ ಸಲ ಮಾತು ಬೇಗ ಮುಗಿಯಿತು. ಆ ಅಪ್ಪನಿಗೆ “ಗಣಿತ ಕಚ್ಚಾ ಐತ್ರಿ, ಸಂಜೀಕೆ ಕಳಸರಿ, ಹದಿನೈದು ದಿನ ಬಿಟ್ಟು ಮತ್ತ ಬರ್ರಿ” ಎನ್ನಬಹುದಿತ್ತು. ಆಗಲೂ ಆಕೆ ಫೇಲಾಗುತ್ತಿದ್ದಳೇನೋ. ಆದರೆ ಶಾಲೆಯಲ್ಲಿರುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಆಕೆ ಕಾಯಿಪಲ್ಲೆ ಸಂತೆಯಲ್ಲಿ ಸಿಕ್ಕಿದ್ದಳು. ಕಾಲು ಮುಟ್ಟಿ ನಮಸ್ಕರಿಸಿ, “ನೀವು ಖರೇನ ಹೇಳಿದ್ರಿ ಟೀಚರ್, ನನಗ ಗಣಿತ ಬರತಿರಲಿಲ್ಲ” ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಸಂಜೆ ಮಗ ಎಂಜಿನ್ ತಂದು ತೋರಿಸಿದ. ಒಂದೇ ಪದರು ಆಗಿತ್ತು. ಕಪ್ಪಿನೊಳಗಿಂದ ಬಿಳಿ ಪ್ಲಾಸ್ಟಿಕ್ ಇಣುಕುತ್ತಿತ್ತು. “ಇನ್ನೂ ಮುಗದಿಲ್ಲವ್ವಾ” ಎಂದ. ಮುಟ್ಟದೆ ನೋಡಿದೆ. ರಿವೆಟ್ಟುಗಳೆಲ್ಲ ಒಂದೊಂದಾಗಿ ಕಾಣುತ್ತಿದ್ದವು.