ನೆನಪು ಯಾರ ಪರ?

ನೆನಪು ಅನ್ನೋದು ಮುಗ್ಧ ವಸ್ತು ಅಲ್ಲ. ಅದಕ್ಕೂ ಜಾತಿ ಇದೆ, ವರ್ಗ ಇದೆ. ಅದು ಯಾರ ಮನೆಯ ಜಗಲಿ ಮೇಲೆ ಕೂತು ಮಾತಾಡ್ತಿದೆ ಅಂತ ನೋಡಿಯೇ ಅದನ್ನ ನಂಬಬೇಕು.

ನಾವು ಕೋಲಾರ ಚಿನ್ನದ ಗಣಿಯ ಲೈನುಗಳಲ್ಲಿ ಬೆಳೆದವರು. ಲೈನು ಅಂದರೆ ಗಣಿ ಕೂಲಿಗಳಿಗೆ ಅಂತ ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆಗಳು. ನಮ್ಮ ತಾತಂದಿರ ಕಾಲಕ್ಕೆ ಬಿದಿರ ತಟ್ಟಿ, ಆಮೇಲೆ ತಗಡು, ಆಮೇಲೆ ಗೋಡೆ. ಸಾಲಿಗೊಂದು ನಲ್ಲಿ. ಕೊನೆಗೆ ಎಲ್ಲರಿಗೂ ಸೇರಿದ ಪಾಯಿಖಾನೆ. ಒಂದು ಮನೇಲಿ ಕೆಮ್ಮಿದರೆ ನಾಲ್ಕು ಮನೆಗೆ ಕೇಳಿಸುತ್ತೆ. ಮನೆಯೊಳಗೆ ತಮಿಳು, ಪಕ್ಕದ ಮನೇಲಿ ತೆಲುಗು, ಶಾಲೇಲಿ ಕನ್ನಡ.

ಇದೇ ಊರನ್ನ ಹಳಬರು 'ಲಿಟಲ್ ಇಂಗ್ಲೆಂಡ್' ಅಂತ ಕರೀತಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಕಟ್ಟಿದ ಬಂಗಲೆ, ಕ್ಲಬ್ಬು, ಹುಲ್ಲಿನ ಮೈದಾನಗಳ ನೆನಪು ಅದು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಮೊದಲು ಬಂದದ್ದು ಬೆಂಗಳೂರಿಗಲ್ಲ, ಇಲ್ಲಿಗೆ ಅನ್ನೋದನ್ನ ಎದೆ ಉಬ್ಬಿಸಿ ಹೇಳ್ತಾರೆ. ಅದು ಬಂದದ್ದು ಗಣಿಯ ಯಂತ್ರಕ್ಕಾಗಿ ಅನ್ನೋದನ್ನ ಮೆಲ್ಲಗೆ ಹೇಳ್ತಾರೆ. ಬಂಗಲೆಯ ನೆನಪು ಚರಿತ್ರೆ ಆಗುತ್ತೆ, ಲೈನಿನ ನೆನಪು ಮಾತ್ರ ಗೋಳು ಆಗುತ್ತೆ. ಯಾಕೆ ಹೀಗೆ?

ನಮ್ಮ ಬಳಿ ಬಂದು ಬಾಲ್ಯದ ಬಗ್ಗೆ ಕೇಳುವವರು ಎರಡು ತರ. ಮೊದಲನೆಯವರಿಗೆ ಕಣ್ಣೀರು ಬೇಕು. ನಾವು ಒಂದು ಸಲ ನಕ್ಕರೂ ಅವರಿಗೆ ಅನುಮಾನ. ಎರಡನೆಯವರು, "ಏನೇ ಹೇಳಪ್ಪ, ಬಡತನ ಇದ್ರೂ ಆಗ ಜನ ಸುಖವಾಗಿದ್ರು, ಒಗ್ಗಟ್ಟಿತ್ತು" ಅಂತ ತಾವೇ ಉತ್ತರ ಕೊಟ್ಟುಕೊಂಡು ಹೋಗ್ತಾರೆ. ಈ ಎರಡನೆಯವರೇ ಹೆಚ್ಚು ಅಪಾಯ. ಯಾಕಂದರೆ ಅವರ ಮಾತಲ್ಲಿ ಅರ್ಧ ನಿಜ ಇದೆ. ನಾವು ಸುಖವಾಗಿದ್ದೆವು ಅಂದರೆ ನಮ್ಮನ್ನ ಆ ಕೋಣೆಗಳಿಗೆ ತುಂಬಿದ ವ್ಯವಸ್ಥೆಯ ಪರ ಸಾಕ್ಷಿ ಹೇಳಿದ ಹಾಗಾಗುತ್ತೆ. ಇಲ್ಲ, ಬರೀ ನರಕ ಅಂದರೆ, ಆ ನರಕದಲ್ಲೂ ನಮಗೆ ಎಣ್ಣೆ ಹಚ್ಚಿ ತಲೆ ಬಾಚಿ ಶಾಲೆಗೆ ಕಳಿಸಿದ ಅಮ್ಮಂದಿರಿಗೆ ಅವಮಾನ. ಇದು ನಮ್ಮ ಇಕ್ಕಟ್ಟು. ಇದು ಬರೀ ಸಾಹಿತ್ಯದ ಪ್ರಶ್ನೆ ಅಲ್ಲ, ನೀತಿಯ ಪ್ರಶ್ನೆ.

ನಿಜ ಏನು ಅಂತ ಮೊದಲು ನೋಡೋಣ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ನಮ್ಮ ಬಾಲ್ಯ ಶುರುವಾಗುವಾಗ ಗಣಿಯ ಸೈರನ್ನು ನಿಂತೇ ಹೋಗಿತ್ತು. ಗಣಿ ಕಾರ್ಮಿಕರ ಮಕ್ಕಳಾದ ನಾವು ಗಣಿ ಕೆಲಸವನ್ನ ಕಂಡವರಲ್ಲ, ಕಂಡದ್ದು ಅದು ಬಿಟ್ಟುಹೋದ ಕೆಮ್ಮನ್ನ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತಲೂ ಆಳ. ಆ ಕಾವಿನಲ್ಲಿ ಬಂಡೆ ಕೊರೆದು, ಪುಡಿ ಕುಡಿದು, ಶ್ವಾಸಕೋಶ ಕಲ್ಲಾದವರು ಬಾಗಿಲ ಹತ್ತಿರ ಕೂತಿರ್ತಿದ್ದರು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಅದನ್ನ ತಂದವರು ಪಾಳಿ ಮುಗಿಸಿ ಮೇಲೆ ಬಂದಾಗ ಮೈ ತಡಕಿಸಿಕೊಂಡು ಮನೆಗೆ ಬರಬೇಕಾಗಿತ್ತು. ದುಡಿದವನೇ ಕಳ್ಳ, ಇದು ಅಲ್ಲಿನ ನ್ಯಾಯ. ಗಣಿ ಮುಚ್ಚಿದ ಮೇಲೆ ಅಪ್ಪಂದಿರು ಕತ್ತಲಲ್ಲೇ ಎದ್ದು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಬರ್ತಿದ್ದರು. ಭಾನುವಾರ ಮಾತ್ರ ಅವರ ಮುಖ ಹಗಲಲ್ಲಿ ಕಾಣೋದು.

ಊರ ಸುತ್ತ ಸೈನೈಡ್ ದಿಬ್ಬಗಳಿವೆ. ಬಂಡೆ ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಗುಡ್ಡವಾಗಿ ನಿಂತಿದೆ. ಗಾಳಿ ಎದ್ದರೆ ಆ ಪುಡಿ ಅನ್ನದ ತಟ್ಟೆಗೂ ಬರುತ್ತೆ. ಅದೇ ದಿಬ್ಬದ ಮೇಲಿಂದ ಹರಿದ ರಟ್ಟಿನ ಮೇಲೆ ಕೂತು ಜಾರೋದು ನಮ್ಮ ದೊಡ್ಡ ಆಟ. ಅಂಥ ಖುಷಿಯನ್ನ ಆಮೇಲೆ ನಾವು ಎಲ್ಲೂ ಕಂಡಿಲ್ಲ. ಈಗ ಹೇಳಿ, ಆ ಖುಷಿ ಸುಳ್ಳೆ? ಅಲ್ಲ. ಹಾಗಾದರೆ ಅದಕ್ಕಾಗಿ ದಿಬ್ಬಕ್ಕೆ ಕೃತಜ್ಞತೆ ಹೇಳಬೇಕೆ? ಅದೂ ಅಲ್ಲ. ಖುಷಿ ಮಕ್ಕಳದ್ದು, ವಿಷ ಗಣಿಯದ್ದು. ಲೆಕ್ಕ ಬೇರೆ ಬೇರೆ ಇಡಬೇಕು.

ಬಡತನ ಒಗ್ಗಟ್ಟು ಕೊಡುತ್ತೆ ಅನ್ನೋದು ಹಸಿ ಸುಳ್ಳು. ಬಡತನ ಕೊಡೋದು ನಲ್ಲಿ ಮುಂದಿನ ಜಗಳ. ಯಾರ ಕೊಡ ಮುಂದೆ ಅಂತ ಜುಟ್ಟು ಹಿಡಿದಾಡಿದ ಹೆಂಗಸರು ಸಂಜೆ ಒಂದು ಮನೇಲಿ ಸಾವಾದರೆ ತಲೆಗೊಂದು ಪಾವಿನ ಹಾಗೆ ಅಕ್ಕಿ ಕೂಡಿಸಿ ಅನ್ನ ಬೇಯಿಸ್ತಿದ್ದರು. ಜಗಳ ಬಡತನದ್ದು. ಅಕ್ಕಿ ಆ ಹೆಂಗಸರದ್ದು. ತಾವು ಉಣ್ಣೋದನ್ನ ಕಡಿಮೆ ಮಾಡಿ ಕೊಟ್ಟದ್ದನ್ನ 'ಆ ಕಾಲ ಚೆನ್ನಾಗಿತ್ತು' ಅಂತ ಕಾಲದ ಹೆಸರಿಗೆ ಬರೆಯೋದು ಕಳ್ಳತನ. ಚಿನ್ನವನ್ನೂ ಹೀಗೇ ಇನ್ನೊಬ್ಬರ ಹೆಸರಿಗೆ ಬರೆದದ್ದು.

ಬಾಬಾಸಾಹೇಬರು ಹುಡುಗನಾಗಿದ್ದಾಗ ಮುಂಬಯಿಯ ಪರೇಲಿನ ಚಾಳಿನಲ್ಲಿ ಒಂದೇ ಕೋಣೆಯಲ್ಲಿ ಸಂಸಾರದ ಜೊತೆ ಇದ್ದರು. ಅದೂ ಗಿರಣಿ ಕಾರ್ಮಿಕರ ಕೇರಿ. ಅಪ್ಪ ರಾಮಜಿ ಮಗನನ್ನ ಬೇಗ ಮಲಗಿಸಿ, ತಾನು ರಾತ್ರಿ ಎರಡು ಗಂಟೆವರೆಗೆ ಎದ್ದು ಕೂತು, ಆಮೇಲೆ ಅವನನ್ನ ಓದೋದಕ್ಕೆ ಎಬ್ಬಿಸಿ ತಾನು ಮಲಗ್ತಿದ್ದರು. ಆ ಇಕ್ಕಟ್ಟು ಅಂಬೇಡ್ಕರರನ್ನ ಬೆಳೆಸಿತು ಅಂತ ಯಾರಾದರೂ ಅಂದರೆ ನಂಬಬೇಡಿ. ಬೆಳೆಸಿದ್ದು ಅಪ್ಪನ ನಿದ್ದೆಗೆಟ್ಟ ರಾತ್ರಿಗಳು. ಕೋಣೆ ಮಾಡಿದ್ದು ಇಷ್ಟೇ, ಅವನ ನಿದ್ದೆ ಕಿತ್ತುಕೊಂಡದ್ದು.

ಇಷ್ಟಾದರೂ ನಾವು ಲೈನನ್ನ ಪ್ರೀತಿಸೋದಕ್ಕೆ ಒಂದು ನ್ಯಾಯವಾದ ಕಾರಣ ಇದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಹಳ್ಳಿಯನ್ನ ಅಜ್ಞಾನದ, ಸಂಕುಚಿತತೆಯ ಗೂಡು ಅಂದರು. ನಮ್ಮ ಹಿರಿಯರು ಅದಕ್ಕೂ ಎಷ್ಟೋ ಮೊದಲೇ ಉತ್ತರ ಆರ್ಕಾಟು, ಚಿತ್ತೂರು ಕಡೆಯ ಜೀತ, ಸಾಲ, ಬರ ಬಿಟ್ಟು ಗಣಿಗೆ ನಡೆದು ಬಂದಿದ್ದರು. ಪಾತಾಳಕ್ಕಿಳಿದರೂ ಪರವಾಗಿಲ್ಲ, ಗೌಡನ ಹಟ್ಟಿ ಬಾಗಿಲಲ್ಲಿ ಕೈಕಟ್ಟಿ ನಿಲ್ಲೋದು ಬೇಡ ಅಂತ. ಇಲ್ಲಿ ಕೂಲಿ ಕೈಗೆ ಕಾಸಾಗಿ ಬಂತು. ಮಾರಿಕುಪ್ಪಂನಲ್ಲಿ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಬೌದ್ಧ ಸಂಘ ಕಟ್ಟಿದರು. 1930ರಲ್ಲಿ ಬೆರಳಚ್ಚು ಕೊಡೋದಿಲ್ಲ ಅಂತ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಇದು ಕಂಪನಿ ಕೊಟ್ಟದ್ದಲ್ಲ, ಲೈನು ಗಳಿಸಿದ್ದು.

ಹಾಗಂತ ಲೈನು ಸ್ವರ್ಗ ಅಲ್ಲ. ಅದರ ಒಗ್ಗಟ್ಟಿಗೂ ಒಂದು ಎಲ್ಲೆ ಇತ್ತು. ಸಾಲುಗಳ ಆಚೆ, ನಮ್ಮೆಲ್ಲರ ಪಾಯಿಖಾನೆ ಬಳಿಯುವವರ ಮನೆಗಳಿದ್ದವು. ಅಕ್ಕಿ ಕೂಡಿಸುವ ಮೊರ ಆ ಮನೆಗಳವರೆಗೆ ಹೋಗ್ತಿರಲಿಲ್ಲ. ಮಲ ಹೊರಿಸೋದನ್ನ ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂತು. ಕಾನೂನು ಎರಡು ಸಲ ಬರಬೇಕಾಯ್ತು ಅನ್ನೋದರಲ್ಲೇ ಎಲ್ಲಾ ಇದೆ. ಮೇಲಿನವನು ತುಳಿದ ಅಂತ ಕೂಗುವ ನೆನಪು ತನ್ನ ಕಾಲ ಕೆಳಗೆ ಯಾರಿದ್ದಾರೆ ಅಂತ ನೋಡದಿದ್ದರೆ ಅದೂ ಬಂಗಲೆಯ ನೆನಪೇ, ಸ್ವಲ್ಪ ಚಿಕ್ಕ ಬಂಗಲೆ ಅಷ್ಟೆ.

ಆದ್ದರಿಂದ ನೆನಪಿಗೆ ನಾವು ಒಂದು ಪರೀಕ್ಷೆ ಇಡಬೇಕು. ಯಾವ ನೆನಪು 'ಆ ದಿನಗಳು ಮತ್ತೆ ಬರಲಿ' ಅನ್ನುತ್ತೋ ಅದು ಒಡೆಯನ ಪರ. ಯಾವುದು 'ಆ ಜನರ ಗುಣ ಇರಲಿ, ಆ ನಲ್ಲಿ, ಆ ದೂಳು, ಆ ಬಕೆಟ್ಟು ಯಾವ ಮಗುವಿಗೂ ಬೇಡ' ಅನ್ನುತ್ತೋ ಅದು ನಮ್ಮ ಪರ. ಖುಷಿಯನ್ನ ಮುಚ್ಚಿಡಬೇಕಿಲ್ಲ. ಇಷ್ಟು ಕಡಿಮೆಯಲ್ಲಿ ಇಷ್ಟು ಖುಷಿ ಕಟ್ಟಿದ ಜನ ಇನ್ನೂ ಎಷ್ಟು ಕಟ್ಟಬಹುದಿತ್ತು ಅನ್ನೋದೇ ನಮ್ಮ ಸಿಟ್ಟಿಗೆ ಆಧಾರ.

ಹಳ್ಳಿ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರಿಗೆ ಒಂದು ಮಾತು. ಮಕ್ಕಳಿಂದ 'ನಮ್ಮ ಊರು' ಅಂತ ಪ್ರಬಂಧ ಬರೆಸ್ತೀರಿ. ಎಲ್ಲಾ ಮಕ್ಕಳೂ ಪುಸ್ತಕದಲ್ಲಿರೋ ದೇವಸ್ಥಾನ, ಕೆರೆ, ತೆಂಗಿನ ತೋಟವನ್ನೇ ಬರೆದು ತರ್ತಾರೆ. ತಾವು ಒಳಗೆ ಕಾಲಿಡದ ದೇವಸ್ಥಾನವನ್ನೂ ಚಂದಗೆ ಬರೀತಾರೆ. ಇನ್ನು ಮುಂದೆ ಕೇರಿಯ ಮಗುವಿಗೆ ಕೇರಿ ಬರೆಯೋದಕ್ಕೆ ಹೇಳಿ, ಲೈನಿನ ಮಗುವಿಗೆ ಲೈನು. ಯಾರ ಮನೆಯಿಂದ ಅಕ್ಕಿ ಬಂತು, ಯಾರ ಮನೆಗೆ ಹೋಗಲಿಲ್ಲ, ಎರಡನ್ನೂ ಬರೆಯಲಿ. ಭಾಷೆ ಶುದ್ಧವಾಗಿಲ್ಲ ಅಂತ ಅಂಕ ಕತ್ತರಿಸಬೇಡಿ.